ಚೌಕಾಬಾರದಿಂದ ಗಣಿತದ ಆಟಕ್ಕೆ: ಮಕ್ಕಳ ಆಟವನ್ನು ಅಧ್ಯಯನ ಮಾಡಿ ಕಲಿಕೆಯ ಆಟ ರೂಪಿಸುವ ಸಮಗ್ರ ಮಾರ್ಗದರ್ಶಿ

ಕಲಿಕೆಯ ಆಟವೊಂದನ್ನು ತಯಾರಿಸಲು ಹೊರಟವರಲ್ಲಿ ಬಹುಪಾಲು ಜನ ಒಂದೇ ಕಡೆ ಎಡವುತ್ತಾರೆ. ಹಾವು-ಏಣಿಯ ಪಟವೊಂದನ್ನು ತೆಗೆದುಕೊಂಡು, ಅದರ ಕೆಲವು ಮನೆಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು, ಪಕ್ಕದಲ್ಲಿ ಪ್ರಶ್ನೆಗಳ ಚೀಟಿ ಕಟ್ಟು ಇಟ್ಟು, ಸರಿಯುತ್ತರಕ್ಕೆ ಎರಡು ಮನೆ ಮುಂದೆ, ತಪ್ಪುತ್ತರಕ್ಕೆ ಎರಡು ಮನೆ ಹಿಂದೆ ಎಂದು ನಿಯಮ ಮಾಡಿಬಿಡುತ್ತಾರೆ. ನಾನೂ ಮೊದಲು ಮಾಡಿದ್ದು ಇದನ್ನೇ. ಮೂರನೆಯ ತರಗತಿಯ ಮಕ್ಕಳ ಕೈಗೆ ಪಟವನ್ನು ಕೊಟ್ಟು, ಹತ್ತು ನಿಮಿಷ ಹೊರಗೆ ಹೋಗಿ ಬರುವಷ್ಟರಲ್ಲಿ ಚೀಟಿಯ ಕಟ್ಟು ಬೆಂಚಿನ ಕೆಳಗೆ ಸೇರಿತ್ತು. ಆಟ ಮಾತ್ರ ಭರ್ಜರಿಯಾಗಿ ಸಾಗಿತ್ತು. ಆಟಕ್ಕೆ ಬೇಡವಾದದ್ದು ಯಾವುದೆಂದು ಮಕ್ಕಳು ಸರಿಯಾಗಿಯೇ ಗುರುತಿಸಿದ್ದರು.

ಈ ಮಾರ್ಗದರ್ಶಿಯು ಚೌಕಾಬಾರವನ್ನು ಮಾದರಿಯಾಗಿ ಇಟ್ಟುಕೊಂಡು, ಎರಡು ಮತ್ತು ಮೂರನೆಯ ತರಗತಿಯ ಮಕ್ಕಳಿಗೆ ಕೂಡುವಿಕೆ ಮತ್ತು ವ್ಯತ್ಯಾಸವನ್ನು ರೂಢಿಸುವ ಆಟವನ್ನು ರೂಪಿಸುವ ಕ್ರಮವನ್ನು ವಿವರಿಸುತ್ತದೆ. ಹಂತಗಳ ಅನುಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಸೋತವರಲ್ಲಿ ಹೆಚ್ಚಿನವರು ಐದನೆಯ ಹಂತದಿಂದಲೇ ಕೆಲಸ ಆರಂಭಿಸಿದವರು.

ಬೇಕಾಗುವ ಸಾಮಗ್ರಿ

ನಾಲ್ಕು ಕವಡೆ, ಸೀಮೆಸುಣ್ಣ, ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳು, ಹಳೆಯ ಲಗ್ನಪತ್ರಿಕೆಗಳಂತಹ ದಪ್ಪ ಕಾಗದ, ಪೆನ್ಸಿಲ್, ರಬ್ಬರ್, ಸೆಕೆಂಡಿನ ಮುಳ್ಳಿರುವ ಗಡಿಯಾರ ಮತ್ತು ಗೆರೆ ಎಳೆದ ಒಂದು ನೋಟ್‌ಬುಕ್. ಬಣ್ಣದ ಮುದ್ರಣ, ಲ್ಯಾಮಿನೇಷನ್, ಚಿತ್ರಕಾರರು ಇವೆಲ್ಲ ಏಳನೆಯ ಹಂತ ದಾಟಿದ ಮೇಲಿನ ಮಾತು. ಮೊದಲೇ ಚೆಂದವಾಗಿ ಮುದ್ರಿಸಿದ ಪಟವನ್ನು ಹರಿದು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಹರಿಯದೆ ಆಟ ಸುಧಾರಿಸುವುದೂ ಇಲ್ಲ.

ಮೊಬೈಲಿನಲ್ಲಿ ಚಿತ್ರೀಕರಿಸುವುದಾದರೆ ಪೋಷಕರ ಒಪ್ಪಿಗೆಯನ್ನೂ ಮಗುವಿನ ಒಪ್ಪಿಗೆಯನ್ನೂ ಪಡೆಯಿರಿ. ಕ್ಯಾಮೆರಾವನ್ನು ಪಟದ ಮೇಲೆ, ಕೈಗಳು ಮಾತ್ರ ಕಾಣುವಂತೆ ಇಡಿ. ನಮಗೆ ಬೇಕಾದ ಮಾಹಿತಿಯೆಲ್ಲ ಕೈಯಲ್ಲಿಯೇ ಇರುತ್ತದೆ.

ಹಂತ 1: ಮೊದಲು ನೀವೇ ಆಡಿ, ನಿಯಮಗಳನ್ನು ಬರೆದಿಡಿ

ಬಾಲ್ಯದಲ್ಲಿ ಆಡಿದ ನೆನಪನ್ನು ನಂಬಿ ಕೂರಬೇಡಿ. ಕನಿಷ್ಠ ಹತ್ತು ಆಟಗಳನ್ನು ಆಡಿ, ಆಡುತ್ತ ಆಡುತ್ತ ನಿಯಮಗಳನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಸಾಮಾನ್ಯವಾಗಿ ಆಡುವ ಚೌಕಾಬಾರದಲ್ಲಿ 25 ಮನೆಗಳಿರುತ್ತವೆ: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಪ್ರತಿ ಬದಿಯ ನಡುಮನೆ ಕಟ್ಟೆಯಾಗಿದ್ದು, ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ತನ್ನ ಕಟ್ಟೆಯಿಂದ ಹೊರಟ ಕಾಯಿಯು ಹೊರಸುತ್ತನ್ನು ಒಂದು ದಿಕ್ಕಿನಲ್ಲಿ, ಒಳಸುತ್ತನ್ನು ಅದರ ವಿರುದ್ಧ ದಿಕ್ಕಿನಲ್ಲಿ ಸುತ್ತಿ, 24 ಹೆಜ್ಜೆಗಳಲ್ಲಿ ಪಟದ ನಟ್ಟನಡುವಿನ ಮನೆ ಸೇರಿ ಹಣ್ಣಾಗುತ್ತದೆ. ಮೇಲ್ಮುಖವಾಗಿ ಬಿದ್ದ ಕವಡೆಗಳ ಸಂಖ್ಯೆಯೇ ಗರ. ನಾಲ್ಕೂ ಮೇಲ್ಮುಖವಾದರೆ ಚೌಕ, ಅಂದರೆ 4. ನಾಲ್ಕೂ ಮಗುಚಿದರೆ ಬಾರ, ಅಂದರೆ 8. ಇವೆರಡು ಬಿದ್ದವರಿಗೆ ಮತ್ತೊಂದು ಅವಕಾಶ ಸಿಗುತ್ತದೆ.

ಇಷ್ಟರಲ್ಲಿಯೇ ಊರಿಂದೂರಿಗೆ, ಮನೆಯಿಂದ ಮನೆಗೆ ವ್ಯತ್ಯಾಸಗಳು ಕಾಣುತ್ತವೆ. ಒಂದಾದರೂ ಎದುರಾಳಿ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಕೆಲವರು ಹಟ ಹಿಡಿಯುತ್ತಾರೆ, ಕೆಲವರು ಬಿಡುತ್ತಾರೆ. ಯಾವುದು ಸರಿ ಎಂಬ ಜಗಳಕ್ಕೆ ಇಳಿಯದೆ ಎರಡನ್ನೂ ಬರೆದುಕೊಳ್ಳಿ, ಎರಡನ್ನೂ ಆಡಿ ನೋಡಿ. ಒಂದು ನಿಯಮ ಬದಲಾದರೆ ಆಡುವವರ ವರ್ತನೆ ಎಷ್ಟು ಬದಲಾಗುತ್ತದೆ ಎಂಬ ಪಾಠ ಇಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ.

ಹಂತ 2: ಮಕ್ಕಳು ಆಡುವುದನ್ನು ಬಾಯಿ ಮುಚ್ಚಿ ನೋಡಿ

ನೋಟ್‌ಬುಕ್ಕಿನ ಪುಟವನ್ನು ಮೂರು ಕಾಲಂಗಳಾಗಿ ಭಾಗಿಸಿ: ಕೈ ಏನು ಮಾಡಿತು, ಬಾಯಿ ಏನು ಹೇಳಿತು, ಕಣ್ಣು ಎಲ್ಲಿತ್ತು. ‘ಮಕ್ಕಳು ಸಂತೋಷವಾಗಿ ಆಡಿದರು’ ಎಂಬಂಥ ಮಾತು ಈ ಯಾವ ಕಾಲಂನಲ್ಲಿಯೂ ಹಿಡಿಸುವುದಿಲ್ಲ. ಹಿಡಿಸಬಾರದು ಎಂದೇ ಈ ಏರ್ಪಾಡು.

ಒಂದು ಭಾನುವಾರ ಮಧ್ಯಾಹ್ನ ದೇವಸ್ಥಾನದ ಜಗಲಿಯಲ್ಲಿ ಕುಳಿತು ನಾನು ಬರೆದುಕೊಂಡ ಪುಟದ ಒಂದು ತುಣುಕು ಹೀಗಿದೆ. ಸುಮಾರು ಏಳು ವರ್ಷದ ಹುಡುಗನಿಗೆ ಮೂರು ಬಿತ್ತು. ಅವನು ತನ್ನ ಕಾಯಿ ಕೂತ ಮನೆಯನ್ನೇ ಬೆರಳಿನಿಂದ ಮುಟ್ಟಿ ‘ಒಂದು’ ಎಂದ, ಹೀಗಾಗಿ ಎರಡೇ ಮನೆ ಮುಂದೆ ಹೋದ. ಎದುರಿಗಿದ್ದ ಅವನ ಅಕ್ಕ ಆ ಕಾಯಿಯನ್ನು ತಾನೇ ಮತ್ತೊಂದು ಮನೆ ಮುಂದೂಡಿ, ‘ಕೂತಿದ್ದನ್ನ ಎಣಿಸಬಾರದು ಕಣೋ’ ಎಂದಳು. ಮುಂದಿನ ಸರದಿಯಲ್ಲಿ ಅವಳಿಗೆ ಚೌಕ ಬಿತ್ತು. ಅವಳು ಎಣಿಸಲೇ ಇಲ್ಲ; ಕಟ್ಟೆಯಲ್ಲಿದ್ದ ಕಾಯಿಯನ್ನು ಎತ್ತಿ ಪಕ್ಕದ ಬದಿಯ ಕಟ್ಟೆಯಲ್ಲಿ ಟಪ್ಪೆಂದು ಇಟ್ಟಳು. ಹೊರಸುತ್ತಿನಲ್ಲಿ ಕಟ್ಟೆಯಿಂದ ಕಟ್ಟೆಗೆ ಸರಿಯಾಗಿ ನಾಲ್ಕು ಮನೆ, ಎದುರು ಕಟ್ಟೆಗೆ ಎಂಟು ಮನೆ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಕೇಳಿದರೆ ವಿವರಿಸಲೂ ಅವಳಿಗೆ ಬರಲಿಲ್ಲ.

ಈ ಎರಡು ನಡೆಗಳಲ್ಲಿ ಇಡೀ ವಿನ್ಯಾಸಕ್ಕೆ ಬೇಕಾದ ಸುಳಿವಿದೆ. ತಮ್ಮನಿಗೆ ಮನೆ ಮತ್ತು ಹೆಜ್ಜೆಯ ನಡುವಿನ ವ್ಯತ್ಯಾಸ ಇನ್ನೂ ಗಟ್ಟಿಯಾಗಿಲ್ಲ. ಅಕ್ಕ ಲೆಕ್ಕವನ್ನು ಪಟದ ಆಕಾರಕ್ಕೆ ಒಪ್ಪಿಸಿ ತಾನು ಹಾಯಾಗಿದ್ದಾಳೆ.

ಸಾಮಾನ್ಯ ತಪ್ಪು: ಮಗು ತಪ್ಪು ಎಣಿಸಿದ ಕೂಡಲೇ ತಿದ್ದಲು ಬಾಯಿ ಹಾಕುವುದು. ನೀವು ತಿದ್ದಿದ ಕ್ಷಣದಿಂದ ಅದು ಪಾಠವಾಗುತ್ತದೆ, ಮಕ್ಕಳು ಪಟವನ್ನು ಬಿಟ್ಟು ನಿಮ್ಮ ಮುಖ ನೋಡಲಾರಂಭಿಸುತ್ತಾರೆ. ಕಣ್ಣಿನ ಕಾಲಂನಲ್ಲಿ ‘ನನ್ನ ಕಡೆ’ ಎಂದು ಎರಡು ಮೂರು ಸಲ ಬಂದರೆ ಆ ದಿನದ ಟಿಪ್ಪಣಿಯನ್ನು ಕೈಬಿಟ್ಟು, ಇನ್ನೊಂದು ದಿನ ಸ್ವಲ್ಪ ದೂರ ಕುಳಿತು ನೋಡಿ.

ಹಂತ 3: ಆಟದ ಲೆಕ್ಕವನ್ನು ಬಿಡಿಸಿ ನೋಡಿ

ಪ್ರತಿ ಆಟಕ್ಕೂ ಒಂದು ಮುಖ್ಯ ಕ್ರಿಯೆ ಇರುತ್ತದೆ. ಆಡುವವರು ಪ್ರತಿ ಸರದಿಯಲ್ಲಿಯೂ ಮಾಡಲೇಬೇಕಾದ ಕೆಲಸ ಅದು. ಚೌಕಾಬಾರದಲ್ಲಿ ಅದು ‘ಬಿದ್ದ ಗರಕ್ಕೆ ಯಾವ ಕಾಯಿಯನ್ನು ನಡೆಸಲಿ’ ಎಂಬ ಆಯ್ಕೆ. ಕವಡೆ ಎಸೆಯುವುದು ಬರೀ ಅದೃಷ್ಟ, ಕಾಯಿ ಆರಿಸುವುದು ವಿವೇಚನೆ. ಕಲಿಕೆಯನ್ನು ಸೇರಿಸಬೇಕಾದ ಜಾಗ ಎರಡನೆಯದು.

ನಂತರ ಗರಗಳ ಲೆಕ್ಕ ಹಾಕಿ. ಪ್ರತಿ ಕವಡೆಯೂ ಎರಡೂ ಬದಿಗೆ ಸಮಾನವಾಗಿ ಬೀಳುತ್ತದೆ ಎಂದು ಭಾವಿಸಿದರೆ, 16 ಸಾಧ್ಯತೆಗಳಲ್ಲಿ ಒಂದು ಬೀಳುವುದು 4 ಬಾರಿ, ಎರಡು 6 ಬಾರಿ, ಮೂರು 4 ಬಾರಿ, ಚೌಕ ಮತ್ತು ಬಾರ ತಲಾ ಒಂದೊಂದು ಬಾರಿ. ಸರಾಸರಿ ಗರ ಎರಡೂವರೆ. ನಿಜವಾದ ಕವಡೆಯ ಎರಡು ಬದಿಗಳು ಒಂದೇ ಬಗೆಯಲ್ಲಿಲ್ಲವಾದ್ದರಿಂದ ನಿಮ್ಮ ಕವಡೆಗಳನ್ನು ನೂರು ಬಾರಿ ಎಸೆದು ಬರೆದಿಟ್ಟುಕೊಳ್ಳಿ. ಹುಣಸೆ ಬೀಜಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ಎರಡೂವರೆಯಿಂದ ಸಮಯದ ಅಂದಾಜು ಸಿಗುತ್ತದೆ. ಒಂದು ಕಾಯಿ ಹಣ್ಣಾಗಲು ಸುಮಾರು ಹತ್ತು ಗರ ಬೇಕು. ನಾಲ್ವರು ತಲಾ ನಾಲ್ಕು ಕಾಯಿಗಳಿಂದ ಆಡಿದರೆ, ಒಂದು ಹೊಡೆತವೂ ಬೀಳದಿದ್ದರೂ ಎಲ್ಲ ಕಾಯಿ ಹಣ್ಣಾಗಲು 150ಕ್ಕೂ ಹೆಚ್ಚು ಗರಗಳಾಗುತ್ತವೆ. ಗರಕ್ಕೆ 15 ಸೆಕೆಂಡು ಎಂದುಕೊಂಡರೂ 40 ನಿಮಿಷದ ಪೀರಿಯಡ್ ಅಲ್ಲಿಗೇ ಮುಗಿಯಿತು. ತರಗತಿಯಲ್ಲಿ ಚೌಕಾಬಾರ ಆಡಿಸಿ ‘ಯಾವ ಗುಂಪಿನದೂ ಮುಗಿಯಲಿಲ್ಲ’ ಎಂದು ಬೇಸರಪಟ್ಟವರು ಈ ಗುಣಾಕಾರವನ್ನು ಮೊದಲೇ ಮಾಡಬೇಕಿತ್ತು.

ಹಂತ 4: ಕಲಿಕೆಯ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ವಾಕ್ಯದ ಕರ್ತೃ ಮಗುವಾಗಿರಬೇಕು, ಕ್ರಿಯಾಪದ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ‘ಗಣಿತದಲ್ಲಿ ಆಸಕ್ತಿ ಮೂಡಿಸುವುದು’ ಎಂಬುದು ಗುರಿಯಲ್ಲ, ಹಾರೈಕೆ. ನಮ್ಮ ಮಾದರಿಯ ಗುರಿ ಇದು: ‘24ರವರೆಗಿನ ಯಾವುದೇ ಸಂಖ್ಯೆಗೆ 1, 2, 3, 4 ಅಥವಾ 8ನ್ನು ಸೇರಿಸಿದರೆ ಎಷ್ಟಾಗುತ್ತದೆ ಎಂಬುದನ್ನು, ಮತ್ತು ಎರಡು ಸಂಖ್ಯೆಗಳ ನಡುವಿನ ಅಂತರವನ್ನು, ಮಗುವು ಒಂದೊಂದೇ ಎಣಿಸದೆ ಹೇಳುತ್ತದೆ.’

ಈಗ ಈ ವಾಕ್ಯವನ್ನು ಮೂರನೆಯ ಹಂತದ ಮುಖ್ಯ ಕ್ರಿಯೆಯ ಪಕ್ಕದಲ್ಲಿಡಿ. ಗುರಿಯಲ್ಲಿರುವ ಕೆಲಸವನ್ನು ಮಾಡದೆ ಆಟದ ನಡೆಯನ್ನು ನಡೆಸಲು ಸಾಧ್ಯವೇ ಇಲ್ಲ ಎಂಬಂತೆ ಎರಡೂ ಬೆಸೆದುಕೊಳ್ಳಬೇಕು. ಬ್ರಿಟನ್ನಿನ ಸಂಶೋಧಕರಾದ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಬೆಸುಗೆಯನ್ನೇ ಪರೀಕ್ಷಿಸಿತು. ಅವರ ಕಂಪ್ಯೂಟರ್ ಆಟದ ಒಂದು ರೂಪದಲ್ಲಿ, ಅಸ್ಥಿಪಂಜರದ ಎದೆಯ ಮೇಲಿನ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಆಯುಧವನ್ನು ಆರಿಸಿದರೆ ಮಾತ್ರ ಅದು ಉರುಳುತ್ತಿತ್ತು. ಇನ್ನೊಂದು ರೂಪದಲ್ಲಿ ಕಾದಾಟದಲ್ಲಿ ಲೆಕ್ಕವಿರಲಿಲ್ಲ, ಅದೇ ಭಾಗಾಕಾರಗಳು ಹಂತಗಳ ನಡುವೆ ಪ್ರಶ್ನೆಗಳಾಗಿ ಬರುತ್ತಿದ್ದವು. ಮೊದಲ ರೂಪವನ್ನು ಆಡಿದ ಮಕ್ಕಳು ಹೆಚ್ಚು ಕಲಿತರು. ಯಾವುದನ್ನಾದರೂ ಆಡಬಹುದೆಂದಾಗ ಮಕ್ಕಳು ಅದರಲ್ಲಿಯೇ ಏಳು ಪಟ್ಟು ಹೆಚ್ಚು ಹೊತ್ತು ಕಳೆದರು. ನನ್ನ ಬೆಂಚಿನ ಕೆಳಗಿನ ಚೀಟಿಗಳು ಆ ಎರಡನೆಯ ರೂಪದವು.

ಹಂತ 5: ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ

ಈ ಹಂತದಲ್ಲಿ ಆತುರ ಹೆಚ್ಚು, ಹಾನಿಯೂ ಹೆಚ್ಚು. ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಆಟ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ನಮ್ಮ ಮಾದರಿಯಲ್ಲಿ ಬದಲಾವಣೆಗಳು ಈ ಕ್ರಮದಲ್ಲಿ ನಡೆದವು.

ಮೊದಲನೆಯದು, ಪಟವನ್ನು ನೇರಗೊಳಿಸುವುದು. ಚೌಕಾಬಾರದ ಮನೆಗಳಿಗೆ ಸಂಖ್ಯೆ ಬರೆಯೋಣವೆಂದರೆ ಪ್ರತಿ ಆಟಗಾರನ ದಾರಿ ಬೇರೆ. ಒಬ್ಬನ ಐದನೆಯ ಮನೆ ಎದುರಾಳಿಗೆ ಹದಿಮೂರನೆಯದಾಗಿರುತ್ತದೆ. ಅದಲ್ಲದೆ, ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅಮೆರಿಕದಲ್ಲಿ ಶಾಲಾಪೂರ್ವ ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳಲ್ಲಿ, 1ರಿಂದ 10ರವರೆಗಿನ ಸಂಖ್ಯೆಗಳನ್ನು ನೇರ ಸಾಲಿನಲ್ಲಿ ಬರೆದ ಪಟವು ವೃತ್ತಾಕಾರದ ಪಟಕ್ಕಿಂತ ಹೆಚ್ಚು ಫಲ ನೀಡಿತು. ಹಾಗಾಗಿ ಸುತ್ತುಗಳನ್ನು ಬಿಚ್ಚಿ, 0ಯಿಂದ 24ರವರೆಗಿನ 25 ಮನೆಗಳ ಒಂದೇ ನೀಳ ಪಟ್ಟಿ ಮಾಡಿ, ಆಡುವವರೆಲ್ಲ ಅದರಲ್ಲಿಯೇ ನಡೆಯಲಿ. ಸುತ್ತುವ ಸೊಗಸು ಇದರಿಂದ ಹೋಗುತ್ತದೆ, ಅದು ನಷ್ಟವೇ; ಹೊಡೆಯುವ ರೋಮಾಂಚನ ಮಾತ್ರ ಉಳಿಯುತ್ತದೆ.

ಎರಡನೆಯದು, ಕಟ್ಟೆಗಳ ಸ್ಥಾನ. ಅಕ್ಕ ಮಾಡಿದ ಹಾರಿಕೆಯನ್ನು ನೆನಪಿಸಿಕೊಳ್ಳಿ. ಕಟ್ಟೆಗಳನ್ನು 4, 8, 12ರಲ್ಲಿ ಇಟ್ಟರೆ ಚೌಕಕ್ಕೂ ಬಾರಕ್ಕೂ ಲೆಕ್ಕವೇ ಬೇಕಾಗುವುದಿಲ್ಲ. ಬದಲಾಗಿ 5, 10, 15, 20ರಲ್ಲಿ ಇಡಿ. ಐದರ ಗರ ಇಲ್ಲದ ಕಾರಣ ಕಟ್ಟೆಯಿಂದ ಮುಂದಿನ ಕಟ್ಟೆಗೆ ಒಂದೇ ಎಸೆತದಲ್ಲಿ ಹೋಗಲಾಗದು. ಎರಡು ಮತ್ತು ಮೂರು, ಅಥವಾ ನಾಲ್ಕು ಮತ್ತು ಒಂದು ಎಂದು ಮಗುವು ಐದನ್ನು ಒಡೆಯಲೇಬೇಕು. ಇಡೀ ವಿನ್ಯಾಸದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು, ಆದರೂ ಇದು ಹೊಳೆದದ್ದು ಮೂರನೆಯ ಪಟ ಹಾಳಾದ ಮೇಲೆ.

ಮೂರನೆಯದು, ‘ಹೇಳಿ ಇಡು’ ನಿಯಮ. ಕಾಯಿಯನ್ನು ಮುಟ್ಟುವ ಮುನ್ನ ಅದು ಸೇರುವ ಮನೆಯ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು: ‘ಒಂಬತ್ತರಲ್ಲಿದ್ದೇನೆ, ಮೂರು ಬಿದ್ದಿದೆ, ಹನ್ನೆರಡಕ್ಕೆ.’ ನಂತರ ಎತ್ತಿ ನೇರವಾಗಿ ಅಲ್ಲಿಯೇ ಇಡಬೇಕು. ತಪ್ಪು ಹೇಳಿದರೆ ಕಾಯಿ ಇದ್ದಲ್ಲೇ ಉಳಿಯುತ್ತದೆ, ಆದರೆ ತಪ್ಪನ್ನು ಹಿಡಿಯಬೇಕಾದವರು ಎದುರಾಳಿ, ಶಿಕ್ಷಕರಲ್ಲ. ಇದರಿಂದ ಸರದಿ ಇಲ್ಲದ ಮಗುವೂ ಅದೇ ಲೆಕ್ಕವನ್ನು ಮನಸ್ಸಿನಲ್ಲಿ ಮಾಡುತ್ತ ಕೂರುತ್ತದೆ. ಒಂದನೆಯ ತರಗತಿಯವರಿಗೆ ಈ ನಿಯಮ ಭಾರವಾಗುತ್ತದೆ. ಅವರು ಒಂದೊಂದೇ ಮನೆ ನಡೆಯಲಿ, ಆದರೆ ‘ಒಂದು, ಎರಡು, ಮೂರು’ ಎನ್ನದೆ ಮನೆಯಲ್ಲಿ ಬರೆದಿರುವ ‘ಹತ್ತು, ಹನ್ನೊಂದು, ಹನ್ನೆರಡು’ ಎಂದು ಓದುತ್ತ ನಡೆಯಲಿ. ಸೀಗ್ಲರ್ ಮತ್ತು ರಮಣಿಯವರ ಪ್ರಯೋಗದಲ್ಲಿಯೂ ಮಕ್ಕಳು ಹೀಗೆಯೇ ಮನೆಯ ಸಂಖ್ಯೆಯನ್ನು ಹೇಳುತ್ತ ಸಾಗಿದ್ದರು.

ನಾಲ್ಕನೆಯದು, ಉದ್ದ. ಇಬ್ಬರು ಆಟಗಾರರು, ತಲಾ ಎರಡು ಕಾಯಿ, ಯಾರದಾದರೂ ಒಂದು ಕಾಯಿ ಸರಿಯಾಗಿ 24ಕ್ಕೆ ಸೇರಿ ಹಣ್ಣಾದ ಕೂಡಲೇ ಆಟ ಮುಕ್ತಾಯ. ‘ಸರಿಯಾಗಿ’ ಎಂಬ ಷರತ್ತನ್ನು ಬಿಡಬೇಡಿ, ‘ಇನ್ನೆಷ್ಟು ಬೇಕು’ ಎಂಬ ವ್ಯತ್ಯಾಸದ ಲೆಕ್ಕ ಹುಟ್ಟುವುದೇ ಅದರಿಂದ. 23ರಲ್ಲಿ ನಿಂತ ಕಾಯಿಗೆ ಒಂದು ಬೀಳಲು ಸರಾಸರಿ ನಾಲ್ಕು ಎಸೆತ ಕಾಯಬೇಕಾಗುತ್ತದೆ. ಅಷ್ಟು ಹೊತ್ತು ನಡೆಸಲು ಎರಡನೆಯ ಕಾಯಿ ಇರುವುದರಿಂದ ಸರದಿ ವ್ಯರ್ಥವಾಗುವುದಿಲ್ಲ. ಒಂದು ಪೀರಿಯಡ್ಡಿನಲ್ಲಿ ಎರಡು ಮೂರು ಆಟಗಳು ಮುಗಿಯುತ್ತವೆ.

ಹಂತ 6: ಆಡಿಸಿ ನೋಡಿ, ಎಚ್ಚರಿಕೆಯ ಚಿಹ್ನೆಗಳನ್ನು ಗುರುತಿಸಿ

ಮೊದಲು ಒಂದು ಜೋಡಿ, ನಂತರ ಮೂರು ಜೋಡಿ, ಆಮೇಲೆ ಇಡೀ ತರಗತಿ. ನಿಯಮಗಳನ್ನು ಒಮ್ಮೆ ಹೇಳಿ ಹಿಂದೆ ಸರಿಯಿರಿ. ಎರಡನೆಯ ಹಂತದ ಮೂರು ಕಾಲಂಗಳೇ ಇಲ್ಲಿಯೂ ಸಾಕು.

ಅತ್ಯಂತ ಕಠಿಣವಾದ, ಅಷ್ಟೇ ಪ್ರಾಮಾಣಿಕವಾದ ಪರೀಕ್ಷೆಯೆಂದರೆ ನೀವು ಹೊರಗೆ ಹೋಗಿ ಕಿಟಕಿಯಿಂದ ನೋಡುವುದು. ನೀವಿಲ್ಲದಾಗ ಮಕ್ಕಳು ‘ಹೇಳಿ ಇಡು’ ನಿಯಮವನ್ನು ಕೈಬಿಟ್ಟರೆ, ಅದು ಇನ್ನೂ ಆಟದ ಭಾಗವಾಗಿಲ್ಲ, ನಿಮ್ಮ ಆಜ್ಞೆಯಾಗಿ ಉಳಿದಿದೆ ಎಂದು ತಿಳಿಯಿರಿ. ಬೈದು ಜಾರಿಗೊಳಿಸಬೇಡಿ, ತಪ್ಪು ಹಿಡಿದವರಿಗೆ ತಮ್ಮ ಕಾಯಿಯನ್ನು ಒಂದು ಮನೆ ನಡೆಸುವ ಲಾಭ ಕೊಟ್ಟು ನೋಡಿ. ನಮ್ಮಲ್ಲಿ ಅದಾದ ಮೇಲೆ ಎದುರಾಳಿಗಳೇ ‘ಹೇಳು, ಹೇಳು’ ಎಂದು ಒತ್ತಾಯಿಸತೊಡಗಿದರು.

ಲೆಕ್ಕದಲ್ಲಿ ಚುರುಕಾದ ಮಗುವೇ ಪ್ರತಿ ಆಟ ಗೆಲ್ಲುತ್ತಿದ್ದರೆ ಅದೃಷ್ಟದ ಪಾಲು ಕಡಿಮೆಯಾಗಿದೆ. ಉಳಿದವರು ಎರಡನೆಯ ದಿನ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಜೋಡಿಯಲ್ಲಿ ಒಬ್ಬನೇ ಇಬ್ಬರ ಕಾಯಿಗಳನ್ನೂ ನಡೆಸುತ್ತಿದ್ದರೆ ಜೋಡಿ ಬದಲಿಸಿ. ಮಗುವು ಬೆರಳುಗಳನ್ನು ಬೆನ್ನ ಹಿಂದೆ ಮಡಚಿ ಎಣಿಸುತ್ತಿದ್ದರೆ ಗಾಬರಿ ಬೇಡ, ಅದು ಹೆಜ್ಜೆ ಮುಂದಿಡುತ್ತಿರುವ ಲಕ್ಷಣ. ಆದರೆ ಎರಡು ವಾರಗಳ ನಂತರವೂ 10ಕ್ಕೆ 2 ಸೇರಿಸಲು ಬೆರಳೇ ಬೇಕೆಂದರೆ ಆ ಮಗುವಿಗೆ ಆಟದ ಹೊರಗೆ, ಪ್ರತ್ಯೇಕವಾಗಿ ಕುಳಿತು ನೆರವಾಗಬೇಕು.

ಗೆದ್ದವರಿಗೆ ಚಾಕೊಲೇಟು, ನಕ್ಷತ್ರ, ಪ್ರಮಾಣಪತ್ರ ಕೊಡುವ ಆಸೆಯನ್ನು ತಡೆದುಕೊಳ್ಳಿ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡು ಅದನ್ನು ಪಡೆದ ಪುಟ್ಟ ಮಕ್ಕಳು ನಂತರ ಬಿಡುವಿನ ವೇಳೆಯಲ್ಲಿ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿದ್ದರು; ಮೊದಲು ಅವರೆಲ್ಲ ತಾವಾಗಿಯೇ ಬಣ್ಣದ ಪೆನ್ನು ಹಿಡಿಯುತ್ತಿದ್ದವರು.

ಹಂತ 7: ಕಲಿತರೇ ಎಂದು ಆಟದ ಹೊರಗೆ ಪರೀಕ್ಷಿಸಿ

‘ಆಟ ಹೇಗಿತ್ತು’ ಎಂದು ಕೇಳಿದರೆ ಮಕ್ಕಳು ‘ಚೆನ್ನಾಗಿತ್ತು’ ಎನ್ನುತ್ತಾರೆ, ಅದು ಸೌಜನ್ಯ. ಆಟ ಆರಂಭಿಸುವ ಮುನ್ನ ಮತ್ತು ನಾಲ್ಕೈದು ಅವಧಿಗಳ ಬಳಿಕ ಒಂದೇ ಬಗೆಯ ಎರಡು ಕೆಲಸಗಳನ್ನು ಪ್ರತಿ ಮಗುವಿಗೂ ಒಂಟಿಯಾಗಿ ಕೊಡಿ. ಒಂದು ತುದಿಯಲ್ಲಿ 0, ಇನ್ನೊಂದು ತುದಿಯಲ್ಲಿ 24 ಬರೆದ ಖಾಲಿ ಗೆರೆಯ ಮೇಲೆ 13 ಎಲ್ಲಿ ಬರುತ್ತದೆಂದು ಗುರುತು ಹಾಕಿಸಿ. ನಂತರ ಪಟವಿಲ್ಲದೆ, ಬಾಯಿಮಾತಿನಲ್ಲಿ ‘ಹದಿನೇಳರಿಂದ ಇಪ್ಪತ್ತೊಂದಕ್ಕೆ ಎಷ್ಟು?’ ಎಂಬಂಥ ಐದು ಪ್ರಶ್ನೆ ಕೇಳಿ, ಉತ್ತರದ ಜೊತೆಗೆ ಬೆರಳು ಬಳಸಿದರೇ ಎಂಬುದನ್ನೂ ಬರೆದುಕೊಳ್ಳಿ.

ಸಾಧ್ಯವಿದ್ದರೆ ಅರ್ಧದಷ್ಟು ಮಕ್ಕಳು ಅಷ್ಟೇ ಹೊತ್ತು ಮಾಮೂಲಿ ಚೌಕಾಬಾರ ಆಡಲಿ. ಸೀಗ್ಲರ್ ಮತ್ತು ರಮಣಿ 2008ರ ಪ್ರಯೋಗದಲ್ಲಿ ಮಾಡಿದ್ದೂ ಇದನ್ನೇ: ಒಂದು ಗುಂಪಿಗೆ ಸಂಖ್ಯೆಗಳ ಪಟ, ಇನ್ನೊಂದಕ್ಕೆ ಸಂಖ್ಯೆಯ ಬದಲು ಬಣ್ಣಗಳಷ್ಟೇ ಇದ್ದ ಅದೇ ಪಟ. ಎರಡು ವಾರಗಳಲ್ಲಿ 15ರಿಂದ 20 ನಿಮಿಷಗಳ ನಾಲ್ಕು ಅವಧಿಗಳ ನಂತರ ಸಂಖ್ಯೆಯ ಪಟದವರು ಸುಧಾರಿಸಿದರು, ಬಣ್ಣದ ಪಟದವರು ಸುಧಾರಿಸಲಿಲ್ಲ. ಒಂಬತ್ತು ವಾರಗಳ ನಂತರವೂ ಆ ಲಾಭ ಉಳಿದಿತ್ತು. ನಿಮ್ಮ ಹದಿನೈದು ಮಕ್ಕಳ ತರಗತಿಯಿಂದ ಏನನ್ನೂ ಸಾಬೀತು ಮಾಡಲಾಗದು, ಆದರೆ ಪಟದ ಯಾವ ಭಾಗವನ್ನು ತಿದ್ದಬೇಕೆಂದು ಖಂಡಿತ ತಿಳಿಯುತ್ತದೆ. ಎರಡೂ ಗುಂಪುಗಳ ಫಲಿತಾಂಶ ಒಂದೇ ಆಗಿದ್ದರೆ ಮುದ್ರಣಕ್ಕೆ ಹೋಗದೆ ಐದನೆಯ ಹಂತಕ್ಕೆ ಮರಳಿ.

ಹಂತ 8: ಆ್ಯಪ್ ಅಥವಾ ಮುದ್ರಿತ ಪೊಟ್ಟಣವಾಗಿಸುವುದು

ಮೊಬೈಲಿಗೆ ಒಯ್ಯುವವರು ಒಂದು ಅಪಾಯವನ್ನು ತಪ್ಪದೆ ಗಮನಿಸಬೇಕು. ಯಂತ್ರಕ್ಕೆ ಸುಲಭವಾದ ಕೆಲಸವೆಲ್ಲ ಮಗು ಮಾಡಬೇಕಾದ ಕೆಲಸವೇ ಆಗಿರುತ್ತದೆ. ಗರ ಬಿದ್ದ ಕೂಡಲೇ ಕಾಯಿ ತಾನಾಗಿ ನಡೆದರೆ, ಅಥವಾ ಸೇರಬೇಕಾದ ಮನೆ ಮಿನುಗಿದರೆ, ಕೂಡುವಿಕೆಯನ್ನು ಪರದೆಯೇ ಮಾಡಿ ಮುಗಿಸಿರುತ್ತದೆ. ಮಗುವಿಗೆ ಉಳಿಯುವುದು ಒತ್ತುವ ಕೆಲಸ ಮಾತ್ರ. ಮಗು ಮುಟ್ಟಿದ ಮನೆಗೆ ಕಾಯಿ ಹೋಗಲಿ, ತಪ್ಪಿದ್ದರೆ ಎದುರಾಳಿಗೆ ಆಕ್ಷೇಪಿಸಲು ಐದು ಸೆಕೆಂಡು ಸಿಗಲಿ. ಧ್ವನಿ ಅಳವಡಿಸುವುದಾದರೆ ‘ಹದಿನಾಲ್ಕು’ ಎಂದು ಮಗುವೇ ಹೇಳಿದ ಮೇಲೆ ಯಂತ್ರ ಹೇಳಲಿ. ಅಂಕಿಗಳು ಮಗುವಿನ ಪಠ್ಯಪುಸ್ತಕದಲ್ಲಿ ಇರುವಂತೆಯೇ ಇರಲಿ.

ಕಾಗದದಲ್ಲಿ ಕೊಡುವವರು ನಿಯಮಗಳನ್ನು ಒಂದೇ ಪುಟದಲ್ಲಿ ಬರೆದು, ಆಟವನ್ನು ಹಿಂದೆಂದೂ ನೋಡದ ಶಿಕ್ಷಕರೊಬ್ಬರಿಗೆ ಕೊಟ್ಟು, ಅವರು ಓದಿ ಮಕ್ಕಳಿಗೆ ಆಡಿಸುವುದನ್ನು ಮಾತಾಡದೆ ನೋಡಬೇಕು. ಅವರು ಎಲ್ಲಿ ತಡವರಿಸಿದರೋ ಆ ವಾಕ್ಯವನ್ನು ತಿದ್ದಬೇಕು. ನಮ್ಮ ಪುಟದಲ್ಲಿ ‘0 ಕೂಡ ಒಂದು ಮನೆ, ಕಾಯಿಗಳು ಅಲ್ಲಿಂದ ಹೊರಡುತ್ತವೆ, ಅದನ್ನು ಎಣಿಸಬಾರದು’ ಎಂಬ ಸಾಲು ಹೀಗೆ ಸೇರಿಕೊಂಡಿತು. ಹುಣಸೆ ಬೀಜಗಳು ಬೆಂಚಿನ ಸಂದಿಗೆ ಬೀಳುತ್ತವೆ, ಕೆಲವು ಬಾಯಿಗೂ ಹೋಗುತ್ತವೆ. ಪ್ರತಿ ಪೊಟ್ಟಣದಲ್ಲಿ ಎರಡು ಹೆಚ್ಚುವರಿ ಬೀಜ ಇಡಿ, ಅಂಗನವಾಡಿಯ ಮಕ್ಕಳಿಗಾದರೆ ಬೀಜದ ಬದಲು ಬಾಟಲಿಯ ದೊಡ್ಡ ಮುಚ್ಚಳಗಳನ್ನು ಕೊಡಿ.